ಲಂಡನ್ ಟೀವಿಗೆ ಟೂತ್‌ಪೇಸ್ಟ್ ಬಂದ ಸಂಜೆ: 1955ರ ಸೆಪ್ಟೆಂಬರ್ 22

ಹಳೇಆಂಟೆನಾ

ಒಂದು ಊರು, ಒಂದು ಚಾನೆಲ್, ಒಂದೇ ಸಂಜೆ. ಅಷ್ಟನ್ನೇ ಇಟ್ಟುಕೊಂಡು ಮಾತಾಡೋಣ ಅಂತ ಈ ಚರ್ಚೆ ಶುರು ಮಾಡುತ್ತಿದ್ದೇನೆ.

1955ರ ಸೆಪ್ಟೆಂಬರ್ 22, ಗುರುವಾರ. ಅವತ್ತು ಸಂಜೆ 7.15ಕ್ಕೆ ಲಂಡನ್ನಿನಲ್ಲಿ ಐಟಿವಿ ಶುರುವಾಯಿತು. ಅಲ್ಲಿಯವರೆಗೆ ಬ್ರಿಟನ್ನಿನಲ್ಲಿ ಟೀವಿ ಅಂದರೆ ಬಿಬಿಸಿ, ಬಿಬಿಸಿ ಅಂದರೆ ಟೀವಿ. ಜನ ವರ್ಷಕ್ಕೊಮ್ಮೆ ಲೈಸೆನ್ಸ್ ದುಡ್ಡು ಕಟ್ಟಬೇಕು, ಅವರು ತೋರಿಸಿದ್ದನ್ನು ನೋಡಬೇಕು. ನಡುವೆ ಸೋಪು, ಪುಡಿ, ಎಣ್ಣೆ ಅಂತ ಯಾರೂ ಬರುತ್ತಿರಲಿಲ್ಲ. ಐಟಿವಿ ಬಂದಿದ್ದೇ ಜಾಹೀರಾತಿನ ದುಡ್ಡಿನ ಮೇಲೆ.

ಈಗ ಆ ಸಂಜೆ ಏನೇನು ಇತ್ತು ನೋಡಿ. ಮೊದಲಿಗೆ ಗಿಲ್ಡ್‌ಹಾಲ್‌ನಲ್ಲಿ ಉದ್ಘಾಟನಾ ಸಮಾರಂಭ. ಜಾನ್ ಬಾರ್ಬಿರೋಲಿ ನಡೆಸುವ ಹ್ಯಾಲೆ ಆರ್ಕೆಸ್ಟ್ರಾದಿಂದ ಇಂಗ್ಲಿಷರ ಶಾಸ್ತ್ರೀಯ ಸಂಗೀತಗಾರ ಎಲ್ಗರ್‌ನ ಸಂಗೀತ. ಲಂಡನ್ನಿನ ಲಾರ್ಡ್ ಮೇಯರ್, ಪೋಸ್ಟ್‌ಮಾಸ್ಟರ್ ಜನರಲ್ (ಅಂಚೆಯ ಜೊತೆ ಪ್ರಸಾರವನ್ನೂ ನೋಡಿಕೊಳ್ಳುತ್ತಿದ್ದ ಮಂತ್ರಿ) ಚಾರ್ಲ್ಸ್ ಹಿಲ್, ಐಟಿವಿಯ ಮೇಲೆ ಕಣ್ಣಿಡಲು ಸರ್ಕಾರ ಕೂರಿಸಿದ್ದ ಪ್ರಾಧಿಕಾರದ ಅಧ್ಯಕ್ಷ ಸರ್ ಕೆನ್ನೆತ್ ಕ್ಲಾರ್ಕ್, ಎಲ್ಲರದ್ದೂ ಭಾಷಣ. ಎಂಟಕ್ಕೆ ವುಡ್ ಗ್ರೀನ್‌ನ ಥಿಯೇಟರಿನಿಂದ ‘ಚಾನೆಲ್ ನೈನ್’ ಅನ್ನುವ ಮನರಂಜನೆ. ಅದರ ನಡುವೆ, 8.12ಕ್ಕೆ, ಮೊದಲ ಜಾಹೀರಾತು. ಆಮೇಲೆ ನಾಟಕದ ತುಣುಕುಗಳು: ಆಸ್ಕರ್ ವೈಲ್ಡ್, ಸಾಕಿ, ನೋಯಲ್ ಕವರ್ಡ್. ಒಂಬತ್ತು ದಾಟಿದ ಮೇಲೆ ಶೋರ್‌ಡಿಚ್‌ನಿಂದ ಬಾಕ್ಸಿಂಗ್. ಹತ್ತಕ್ಕೆ ವಾರ್ತೆ. ನಂತರ ಮೇಫೇರ್ ಹೋಟೆಲಿನಲ್ಲಿ ನಡೆಯುತ್ತಿದ್ದ ಔತಣದ ದೃಶ್ಯ, ಒಂದಿಷ್ಟು ಹಾಡು-ಕುಣಿತ. ಹನ್ನೊಂದಕ್ಕೆ ‘ಎಪಿಲಾಗ್’, ಅಂದರೆ ಮಲಗುವ ಮುಂಚೆ ಧರ್ಮದ ನಾಲ್ಕು ಮಾತು. ಅಲ್ಲಿಗೆ ಬಂದ್.

ನನಗೆ ಅನ್ನಿಸೋದು ಇಷ್ಟು. ವ್ಯಾಪಾರಕ್ಕೆ ಅಂತಲೇ ಬಂದ ಚಾನೆಲ್ಲು ಮೊದಲ ದಿನ ಬಿಬಿಸಿಗಿಂತ ಜಾಸ್ತಿ ಮಡಿ ಉಟ್ಟುಕೊಂಡು ಬಂತು. ಭಾಷಣ, ಎಲ್ಗರ್, ವೈಲ್ಡ್, ಪ್ರಾರ್ಥನೆ. ಯಾಕೆ?

ಬಿಸಿಬೇಳೆ

ಮೊದಲ ದಿನ ಎಲ್ಲರೂ ಹಾಗೇ ಅಲ್ವಾ. ಹೋಟೆಲ್ ಓಪನಿಂಗ್ ದಿನ ಕೇಸರಿಬಾತಿಗೆ ದ್ರಾಕ್ಷಿ-ಗೋಡಂಬಿ ಕೈತುಂಬ ಬೀಳುತ್ತೆ. ಮುಂದಿನ ವಾರ ಹೋಗಿ ನೋಡಿ.

ವಾಲ್ವ್‌ರಾಯ

ಕಾರ್ಯಕ್ರಮದ ಮಾತು ನೀವು ಆಡಿ, ಪೆಟ್ಟಿಗೆಯ ಮಾತು ನಾನು ಹೇಳುತ್ತೇನೆ. ಆ ಸಂಜೆ ಲಂಡನ್ನಿನಲ್ಲಿ ಟೀವಿ ಇದ್ದ ಮನೆಯವರೆಲ್ಲ ಐಟಿವಿ ನೋಡಿದರು ಅಂದುಕೊಳ್ಳಬೇಡಿ.

ಬಿಬಿಸಿ ಲಂಡನ್ನಿಗೆ ಅಲೆಕ್ಸಾಂಡ್ರಾ ಪ್ಯಾಲೇಸ್‌ನಿಂದ ಬರುತ್ತಿತ್ತು. 45 ಮೆಗಾಹರ್ಟ್ಸ್, ಒಂದನೇ ಚಾನೆಲ್. ತುಂಬಾ ಹಳೇ ಸೆಟ್ಟುಗಳನ್ನು ಆ ಒಂದೇ ಚಾನೆಲ್ಲಿಗೆ ಕೂರಿಸಿ ಮಾರಿದ್ದರು. ಚಾನೆಲ್ ತಿರುಗಿಸುವ ಗುಂಡಿಯೇ ಇಲ್ಲ! ಇನ್ನೊಂದು ಚಾನೆಲ್ಲೇ ಇಲ್ಲದ ಊರಲ್ಲಿ ಗುಂಡಿ ಯಾಕೆ ಬೇಕು ಹೇಳಿ. ಐಟಿವಿ ಬಂದಿದ್ದು ಕ್ರಾಯ್ಡನ್ ಕಡೆಯ ಟವರ್‌ನಿಂದ, ಒಂಬತ್ತನೇ ಚಾನೆಲ್ಲಿನಲ್ಲಿ, ಹತ್ತಿರ ಹತ್ತಿರ 195 ಮೆಗಾಹರ್ಟ್ಸ್. ಆ ಮನರಂಜನೆಗೆ ‘ಚಾನೆಲ್ ನೈನ್’ ಅಂತ ಹೆಸರಿಟ್ಟಿದ್ದು ಅದಕ್ಕೇ. ಅದನ್ನು ಹಿಡಿಯಬೇಕಾದರೆ ಹಳೇ ಸೆಟ್ಟಿಗೆ ಒಂದು ಕನ್ವರ್ಟರ್ ಪೆಟ್ಟಿಗೆ, ಮಾಳಿಗೆ ಮೇಲೆ ಇನ್ನೊಂದು ಆಂಟೆನಾ. ಇಲ್ಲ ಅಂದರೆ ಹೊಸ ಸೆಟ್ಟು. ಬಿಬಿಸಿಯ ಆಂಟೆನಾ ಇಂಗ್ಲಿಷಿನ ‘ಎಚ್’ ಅಕ್ಷರದ ಆಕಾರದ್ದು, ಆಳುದ್ದಕ್ಕಿಂತ ದೊಡ್ಡದು. ಐಟಿವಿಯದ್ದು ಪುಟ್ಟದು, ಕಡ್ಡಿಗಳು ಜಾಸ್ತಿ. ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಯಾರ ಮನೆಗೆ ಐಟಿವಿ ಬಂದಿದೆ ಅಂತ ಗೊತ್ತಾಗುತ್ತಿತ್ತು.

ಯಾರ್ಕ್‌ಶೈರ್ ಸೊಸೆ

ನಾನು ಮದುವೆಯಾಗಿ ಬಂದಿದ್ದು ಲೀಡ್ಸ್‌ಗೆ. ಇಲ್ಲಿನ ಹಿರಿಯರ ಹತ್ತಿರ ಆ ರಾತ್ರಿಯ ಬಗ್ಗೆ ಕೇಳಿದರೆ ನಕ್ಕುಬಿಡುತ್ತಾರೆ. ಯಾಕಂದರೆ ಅವತ್ತು ಇಲ್ಲಿ ಯಾರಿಗೂ ಏನೂ ಕಾಣಿಸಿಲ್ಲ. ಬರ್ಮಿಂಗ್‌ಹ್ಯಾಮ್ ಕಡೆಗೆ ಐಟಿವಿ ಹೋಗಿದ್ದು 1956ರ ಫೆಬ್ರವರಿಯಲ್ಲಿ. ಲ್ಯಾಂಕಶೈರ್‌ಗೆ ಮೇ ತಿಂಗಳಲ್ಲಿ. ಯಾರ್ಕ್‌ಶೈರ್‌ಗೆ ನವೆಂಬರಿನಲ್ಲಿ, ಎಮ್ಲಿ ಮೂರ್ ಟವರ್ ಬಂದ ಮೇಲೆ. ಲಂಡನ್ನಿನಲ್ಲಿ ಆಗಿದ್ದೆಲ್ಲ ದೇಶಕ್ಕೇ ಆಯಿತು ಅಂತ ಬರೆಯೋದು ಲಂಡನ್ನಿನವರ ಹಳೇ ಚಾಳಿ. ಹಳೇಆಂಟೆನಾ ಅವರು ಶೀರ್ಷಿಕೆಯಲ್ಲಿ ಊರಿನ ಹೆಸರು ಹಾಕಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಜಗಳ ಆಡುತ್ತಿದ್ದೆ.

ಪಕ್ಕದ ಮನೆಯ ಅಜ್ಜಿ ಹೇಳುವುದು ಬೇರೆಯೇ. ಅವರ ಮನೆಗೆ ಟೀವಿ ಬಂದಿದ್ದು 1953ರಲ್ಲಿ, ರಾಣಿಯ ಪಟ್ಟಾಭಿಷೇಕ ನೋಡೋಕೆ ಅಂತ. ಇಡೀ ಬೀದಿಯವರು ಒಂದು ಕೋಣೆಯಲ್ಲಿ ತುಂಬಿಕೊಂಡಿದ್ದರಂತೆ. ಪರದೆ ಎಳೆದು, ದೀಪ ಆರಿಸಿ, ಮಕ್ಕಳನ್ನು ನೆಲದ ಮೇಲೆ ಕೂರಿಸಿ.

ಧಾರವಾಡ ಪೇಡೆ

ಪಟ್ಟಾಭಿಷೇಕದ ಮಾತು ಬಂತಲ್ರೀ, ಹಳೇಆಂಟೆನಾ ಕೇಳಿದ ‘ಯಾಕೆ’ಗೆ ಉತ್ತರ ಅಲ್ಲೇ ಇದೆ.

1953ರ ಜೂನ್ 2. ವೆಸ್ಟ್‌ಮಿನ್‌ಸ್ಟರ್ ಅಬೆಯೊಳಗೆ ಕ್ಯಾಮೆರಾ ಬಿಡಬಾರದು ಅಂತ ಮೊದಲು ಸರ್ಕಾರವೇ ಹೇಳಿತ್ತು. ಆಮೇಲೆ ಬಿಟ್ಟರು. ರಿಚರ್ಡ್ ಡಿಂಬಲ್‌ಬಿ ವಿವರಣೆ ಹೇಳಿದರು. ತೈಲಾಭಿಷೇಕದ ಹೊತ್ತಿನಲ್ಲಿ ಕ್ಯಾಮೆರಾ ಬೇರೆ ಕಡೆ ತಿರುಗಿತು, ಅದು ಜನ ನೋಡುವಂಥದ್ದಲ್ಲ ಅಂತ. ಬ್ರಿಟನ್ನಿನಲ್ಲಿ ಎರಡು ಕೋಟಿಗೂ ಹೆಚ್ಚು ಜನ ನೋಡಿದರು ಅನ್ನುವ ಅಂದಾಜಿದೆ. ಫಿಲಂ ಡಬ್ಬಿಗಳನ್ನು ವಾಯುಪಡೆಯ ಕ್ಯಾನ್‌ಬೆರಾ ವಿಮಾನಗಳಲ್ಲಿ ಅಟ್ಲಾಂಟಿಕ್ ದಾಟಿಸಿದರು.

ಆ ಕಡೆ ಏನಾಯ್ತು ನೋಡ್ರಿ. ಅಮೆರಿಕದ ಎನ್‌ಬಿಸಿಯ ಬೆಳಗಿನ ಕಾರ್ಯಕ್ರಮದಲ್ಲಿ ಒಂದು ಚಿಂಪಾಂಜಿ ಇತ್ತು, ಜೆ. ಫ್ರೆಡ್ ಮಗ್ಸ್ ಅಂತ ಹೆಸರು. ಪಟ್ಟಾಭಿಷೇಕದ ಸುದ್ದಿಯ ನಡುವೆ ಆ ಚಿಂಪಾಂಜಿಯೂ ಬಂತು, ಜಾಹೀರಾತೂ ಬಂದವು. ಬ್ರಿಟನ್ನಿನಲ್ಲಿ ಹಾಹಾಕಾರ. ಜಾಹೀರಾತು ಟೀವಿ ಬೇಡ ಅನ್ನುವವರಿಗೆ ಆ ಚಿಂಪಾಂಜಿಗಿಂತ ಒಳ್ಳೆ ಸಾಕ್ಷಿ ಬೇಕಿರಲಿಲ್ಲ.

ಅದಕ್ಕೂ ಮೊದಲೇ, 1952ರಲ್ಲಿ, ಬಿಬಿಸಿ ಕಟ್ಟಿದ ರೀತ್ ಲಾರ್ಡ್ಸ್ ಸಭೆಯಲ್ಲಿ ಎದ್ದು ನಿಂತು, ಪ್ರಾಯೋಜಕರ ಪ್ರಸಾರವನ್ನು ಸಿಡುಬು, ಪ್ಲೇಗ್, ಮಹಾಮಾರಿಗಳ ಸಾಲಿಗೆ ಸೇರಿಸಿದ್ದರು. ಇಷ್ಟೆಲ್ಲ ಕೇಳಿಸಿಕೊಂಡು ಬಂದವರು ಮೊದಲ ದಿನ ಎಲ್ಗರ್ ನುಡಿಸದೆ ಇನ್ನೇನು ಮಾಡ್ತಾರೆ?

ಹಳೇಆಂಟೆನಾ

ಪೇಡೆಯವರೇ, ಭಲೇ. ಇದಕ್ಕೆ ಕಾನೂನಿನ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. 1954ರ ಜುಲೈನಲ್ಲಿ ಬಂದ ಟೆಲಿವಿಷನ್ ಕಾಯಿದೆ ಪ್ರಾಯೋಜಕರನ್ನು ಒಳಗೇ ಬಿಡಲಿಲ್ಲ. ಅಮೆರಿಕದ ಹಾಗೆ ಸೋಪು ಕಂಪನಿಯೇ ನಾಟಕ ಮಾಡಿಸುವ ಹಾಗಿಲ್ಲ. ಕಾರ್ಯಕ್ರಮ ಟೀವಿ ಕಂಪನಿಯದ್ದು, ಜಾಹೀರಾತು ಅದರಿಂದ ಬೇರೆಯಾಗಿಯೇ ಕಾಣಬೇಕು, ಸಹಜವಾಗಿ ಬಿಡುವು ಸಿಗುವ ಕಡೆ ಮಾತ್ರ ಬರಬೇಕು. ಸರಾಸರಿ ಗಂಟೆಗೆ ಆರು ನಿಮಿಷ. ರಾಜಮನೆತನದ ಸಮಾರಂಭ, ಚರ್ಚಿನ ಪ್ರಾರ್ಥನೆ ಇವುಗಳ ಆಜೂಬಾಜೂ ಎರಡು ನಿಮಿಷ ಜಾಹೀರಾತು ಸುಳಿಯಬಾರದು. ಈ ಕೊನೆಯ ನಿಯಮದ ಹಿಂದೆ ಆ ಚಿಂಪಾಂಜಿಯ ನೆರಳು ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ಕಡಲೆಪುರಿ

ಎಲ್ಲಾ ಸರಿ, ಆ ಜಾಹೀರಾತಿನಲ್ಲಿ ಏನಿತ್ತು ಹೇಳಿ ಮಾರಾಯ್ರೇ. ಟೂತ್‌ಪೇಸ್ಟ್ ಅಂತ ಶೀರ್ಷಿಕೆ ಹಾಕಿ, ಚಾರ್ಲ್ಸ್ ಹಿಲ್ ಭಾಷಣ ಕೇಳಿಸ್ತಿದ್ದೀರಿ.

ಹಳೇಆಂಟೆನಾ

ಗಿಬ್ಸ್ ಎಸ್‌ಆರ್ ಟೂತ್‌ಪೇಸ್ಟ್. ಯಾರದ್ದು ಮೊದಲು ಅಂತ ಚೀಟಿ ಎತ್ತಿದರು, ಇವರ ಅದೃಷ್ಟ ಖುಲಾಯಿಸಿತು.

ಕಪ್ಪು-ಬಿಳುಪು ಚಿತ್ರ. ಹರಿಯುವ ನೀರು. ಒಂದು ದೊಡ್ಡ ಮಂಜುಗಡ್ಡೆ, ಅದರೊಳಗೆ ಟೂತ್‌ಪೇಸ್ಟ್ ಟ್ಯೂಬು. ಹಿಂದಿನಿಂದ ಗಂಡಸಿನ ದನಿ: ಮಂಜಿನಷ್ಟು ತಾಜಾ, ಜುಮ್ ಅನ್ನುವಷ್ಟು ತಾಜಾ, ಹೀಗೇ. ಒಬ್ಬಾಕೆ ಹಲ್ಲುಜ್ಜುತ್ತಾಳೆ, ಮೇಲೆ ಕೆಳಗೆ, ಶಾಲೆಯಲ್ಲಿ ಕಲಿಸುವ ಹಾಗೆ. ಆ ದನಿ ಅಲೆಕ್ಸ್ ಮ್ಯಾಕಿಂಟಾಷ್‌ದು. ಕೂಗಾಟ ಇಲ್ಲ, ಕುಣಿತ ಇಲ್ಲ. ವಸತಿಶಾಲೆಯ ವಾರ್ಡನ್ ಆರೋಗ್ಯದ ಪಾಠ ಹೇಳುವ ಧಾಟಿ.

ಜಾಹೀರಾತು ಫಿಲಂ ಮೇಲೆ ಇತ್ತು, ಆದ್ದರಿಂದ ಈಗಲೂ ನೋಡಲು ಸಿಗುತ್ತದೆ. ಹುಡುಕಿ ನೋಡಿ, ನಗು ಬರುತ್ತದೆ. ಆದರೆ ಅವತ್ತಿನ ಮಟ್ಟಿಗೆ ಯೋಚಿಸಿ. ಟೀವಿ ಅನ್ನುವುದು 1936ರಿಂದ, ಯುದ್ಧದ ವರ್ಷಗಳನ್ನು ಬಿಟ್ಟರೆ, ಆ ದೇಶದಲ್ಲಿ ಇದೆ. ಒಮ್ಮೆಯೂ ಯಾರೂ ‘ಇದನ್ನು ಕೊಳ್ಳಿ’ ಅಂದಿರಲಿಲ್ಲ.

ಧಾರವಾಡ ಪೇಡೆ

ಇದು ಓದಿದ ಕೂಡಲೇ ನಮ್ಮ ಕಡೆಯ ರೇಡಿಯೋ ನೆನಪಾಯ್ತು. 1952ರ ಹೊತ್ತಿಗೆ ಆಕಾಶವಾಣಿಯಲ್ಲಿ ಸಿನಿಮಾ ಹಾಡಿಗೆ ಜಾಗ ಇಲ್ಲ, ಜಾಹೀರಾತಿಗೆ ಮೊದಲೇ ಇಲ್ಲ. ಜನ ರೇಡಿಯೋ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅಲ್ಲಿ ಅಮೀನ್ ಸಯಾನಿ, ಬಿನಾಕಾ ಗೀತಮಾಲಾ. ಬಿನಾಕಾ ಏನ್ರೀ? ಟೂತ್‌ಪೇಸ್ಟು!

ಬ್ರಿಟನ್ನಿನಲ್ಲೂ ಅದೇ ಕಥೆ. ಬಿಬಿಸಿ ಕೊಡದಿದ್ದ ಹಗುರ ಮನರಂಜನೆಗೆ ಜನ ರೇಡಿಯೋ ಲಕ್ಸೆಂಬರ್ಗ್ ಹಾಕುತ್ತಿದ್ದರು. ಅದೂ ಜಾಹೀರಾತಿನ ದುಡ್ಡಿನಲ್ಲೇ ನಡೆಯುತ್ತಿತ್ತು. ಹಾಗಾಗಿ ಟೀವಿಯಲ್ಲಿ ಜಾಹೀರಾತು ಹೊಸತು ಅನ್ನಿ, ಕಿವಿಗೆ ಹೊಸತಲ್ಲ.

ರಂಗಸ್ಥಳ

ನಾನು ನಾಟಕದವನು, ನಾಟಕದ ತುಣುಕುಗಳ ಬಗ್ಗೆ ಯಾರೂ ಮಾತಾಡದೆ ಇರೋದು ನೋಡಿ ಸುಮ್ನೆ ಇರೋಕಾಗಲಿಲ್ಲ. ವೈಲ್ಡ್ ತುಣುಕಿನಲ್ಲಿ ಜಾನ್ ಗೀಲ್‌ಗುಡ್, ಎಡಿತ್ ಇವಾನ್ಸ್. ಸಾಕಿಯ ಕಥೆಯಲ್ಲಿ ಅಲೆಕ್ ಗಿನ್ನೆಸ್. ಅರ್ಧ ಗಂಟೆಯಲ್ಲಿ ಮೂರು ನಾಟಕ! ಇದು ರುಚಿ ನೋಡಿ ಅಂತ ಚಮಚದಲ್ಲಿ ಕೊಟ್ಟ ಹಾಗಾಯಿತು, ಎಲೆ ಹಾಕಿ ಬಡಿಸಲಿಲ್ಲ. ಹೆಸರು ತೋರಿಸೋದಷ್ಟೇ ಉದ್ದೇಶ. ನಮ್ಮ ಹತ್ತಿರ ಇಂಥವರು ಇದ್ದಾರೆ ಅಂತ.

ಟೀವಿ ನಾಟಕ ಅಂದರೆ ಏನು ಅಂತ ಬಿಬಿಸಿ ಅಷ್ಟರಲ್ಲಾಗಲೇ ತೋರಿಸಿಬಿಟ್ಟಿತ್ತು. 1954ರ ಡಿಸೆಂಬರ್ 12, ಭಾನುವಾರ ರಾತ್ರಿ, ಆರ್ವೆಲ್‌ನ ‘1984’ ಕಾದಂಬರಿಯನ್ನು ನೈಜಲ್ ನೀಲ್ ಟೀವಿಗೆ ಬರೆದು, ರುಡಾಲ್ಫ್ ಕಾರ್ಟಿಯರ್ ಮಾಡಿಸಿದರು. ಪೀಟರ್ ಕುಶಿಂಗ್ ನಾಯಕ. ನೇರ ಪ್ರಸಾರ. ಹಿಂಸೆಯ ದೃಶ್ಯ ನೋಡಿ ಜನ ಬೆಚ್ಚಿಬಿದ್ದರು, ಪಾರ್ಲಿಮೆಂಟಿನಲ್ಲಿ ಮಾತು ಎದ್ದಿತು. ಗುರುವಾರ ಮತ್ತೆ ಹಾಕಬೇಕಿತ್ತು. ಹಾಕಿದರು ಅಂದರೆ, ಎಲ್ಲ ನಟರೂ ಮತ್ತೆ ಬಂದು ಇಡೀ ನಾಟಕವನ್ನು ಇನ್ನೊಮ್ಮೆ ಆಡಿದರು! ನಮಗೆ ಈಗ ಸಿಗುವುದು ಆ ಗುರುವಾರದ ಪ್ರಯೋಗ.

ಇದರ ಮುಂದೆ ಐಟಿವಿಯ ಮೊದಲ ರಾತ್ರಿಯ ನಾಟಕ ಶಾಲೆಯ ವಾರ್ಷಿಕೋತ್ಸವ. ಮಡಿ ಅಂತ ಹೇಳಿದಿರಲ್ಲ, ನಾನು ಅದನ್ನು ಪುಕ್ಕಲುತನ ಅಂತೀನಿ.

ಕಡಲೆಪುರಿ

ಅದೇ ನಾಟಕವನ್ನು ಎರಡು ಸಲ ಆಡಿದರಾ? ರೆಕಾರ್ಡ್ ಮಾಡಿಟ್ಟು ಹಾಕಬಹುದಿತ್ತಲ್ಲ.

ವಾಲ್ವ್‌ರಾಯ

ಯಾವುದರ ಮೇಲೆ ಮಾಡೋದು? ವಿಡಿಯೋ ಟೇಪು ಬ್ರಿಟನ್ನಿನಲ್ಲಿ ಕೆಲಸಕ್ಕೆ ಬಂದಿದ್ದು 1958ರ ಸುಮಾರಿಗೆ. ಅಲ್ಲಿಯವರೆಗೆ ಇದ್ದ ದಾರಿ ಒಂದೇ: ಒಂದು ಟೀವಿ ಪರದೆ, ಅದರ ಮುಂದೆ ಒಂದು ಫಿಲಂ ಕ್ಯಾಮೆರಾ, ಪರದೆ ಮೇಲೆ ಬರುವುದನ್ನು ಹಾಗೇ ಚಿತ್ರ ತೆಗೆಯೋದು. ಖರ್ಚು ಜಾಸ್ತಿ, ಚಿತ್ರ ಮಂಕು. 1953ರ ‘ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್’ ಧಾರಾವಾಹಿಯ ಆರು ಕಂತಿನಲ್ಲಿ ಎರಡನ್ನು ಹೀಗೆ ಹಿಡಿದರು, ಮಿಕ್ಕ ನಾಲ್ಕನ್ನು ಬಿಟ್ಟೇ ಬಿಟ್ಟರು. ಆ ನಾಲ್ಕು ಗಾಳಿಯಲ್ಲಿ ಹೋದವು, ಅಷ್ಟೇ.

ನೇರ ಪ್ರಸಾರ ಅಂದ ಮೇಲೆ ನಡುವೆ ಖಾಲಿ ಜಾಗ ಬಂದೇ ಬರುತ್ತದೆ. ಒಂದು ನಾಟಕ ಬೇಗ ಮುಗಿಯಿತು, ಒಂದು ಸೆಟ್ ಬದಲಿಸಬೇಕು, ಕ್ಯಾಮೆರಾ ಕೈ ಕೊಟ್ಟಿತು. ಆಗ ಬಿಬಿಸಿ ‘ಇಂಟರ್‌ಲೂಡ್’ ಹಾಕುತ್ತಿತ್ತು. ಅದರಲ್ಲಿ ತುಂಬಾ ಹೆಸರಾಗಿದ್ದು ಕುಂಬಾರನ ಚಕ್ರ. ಎರಡು ಕೈ ಮಾತ್ರ ಕಾಣುತ್ತವೆ. ಒದ್ದೆ ಮಣ್ಣು ಮೇಲೇಳುತ್ತದೆ, ಅಗಲವಾಗುತ್ತದೆ, ಮತ್ತೆ ಕುಗ್ಗುತ್ತದೆ. ಪಾತ್ರೆ ಒಂದು ರೂಪಕ್ಕೆ ಬಂತು ಅನ್ನುವಷ್ಟರಲ್ಲಿ ಬೆರಳು ಅದನ್ನು ಬೇರೆ ಏನೋ ಮಾಡಿಬಿಡುತ್ತದೆ. ಇನ್ನೊಂದು, ಬೆಕ್ಕಿನ ಮರಿಯ ಆಟ. ಇನ್ನೊಂದು, ಲಂಡನ್ನಿನಿಂದ ಬ್ರೈಟನ್ನಿಗೆ ನಾಲ್ಕು ನಿಮಿಷದ ರೈಲು ಪ್ರಯಾಣ, ಚಿತ್ರವನ್ನು ವೇಗವಾಗಿ ಓಡಿಸಿ.

ಬಿಸಿಬೇಳೆ

‘ಅಡಚಣೆಗಾಗಿ ಕ್ಷಮಿಸಿ’ ಅಂತ ಒಂದು ಬೋರ್ಡ್ ಹಾಕಿ ಅರ್ಧ ಗಂಟೆ ಕೂರಿಸುತ್ತಿದ್ದ ನಮ್ಮ ದೂರದರ್ಶನಕ್ಕೆ ಯಾರಾದರೂ ಒಬ್ಬ ಕುಂಬಾರನನ್ನು ಕಳಿಸಿಕೊಡಬೇಕಿತ್ತು.

ಯಾರ್ಕ್‌ಶೈರ್ ಸೊಸೆ

ಆ ಇಂಟರ್‌ಲೂಡ್ ಅಂದರೆ ಇಲ್ಲಿನ ಹಿರಿಯರಿಗೆ ಪ್ರಾಣ. ಆದರೆ ಒಂದು ಯೋಚಿಸಿ, ಐಟಿವಿಗೆ ಆ ಐಷಾರಾಮ ಇರಲಿಲ್ಲ. ಖಾಲಿ ನಿಮಿಷ ಅಂದರೆ ಅವರಿಗೆ ಮಾರದೆ ಉಳಿದ ಸರಕು.

ಖಾಲಿ ಹೊತ್ತು ಅಂದ ಮೇಲೆ ಇನ್ನೊಂದು ನೆನಪಾಯಿತು. ಸಂಜೆ ಆರರಿಂದ ಏಳರವರೆಗೆ ಟೀವಿಯೇ ಇರಲಿಲ್ಲ, ಗೊತ್ತಾ? ಬಿಬಿಸಿಯೂ ಬಂದ್, ಐಟಿವಿಯೂ ಬಂದ್. ಮಕ್ಕಳ ಕಾರ್ಯಕ್ರಮ ಮುಗಿಯಿತು, ಇನ್ನು ಮಲಗಿಸಿ ಅಂತ ತಾಯಂದಿರಿಗೆ ಸರ್ಕಾರವೇ ಒಂದು ಗಂಟೆ ಬಿಡುವು ಕೊಟ್ಟಿತ್ತು. ‘ಟಾಡ್ಲರ್ಸ್ ಟ್ರೂಸ್’ ಅಂತ ಕರೆಯುತ್ತಿದ್ದರು. ಬಿಬಿಸಿಗೆ ಇದರಿಂದ ನಷ್ಟ ಇಲ್ಲ, ಒಂದು ಗಂಟೆಯ ಖರ್ಚು ಉಳಿತಾಯ. ಐಟಿವಿಗೆ ಮಾತ್ರ ಹೊಟ್ಟೆ ಉರಿ. ಜನ ಕೆಲಸದಿಂದ ಮನೆಗೆ ಬರುವ ಹೊತ್ತದು, ಜಾಹೀರಾತಿಗೆ ಹೇಳಿಮಾಡಿಸಿದ್ದು. ಕೊನೆಗೆ 1957ರ ಫೆಬ್ರವರಿಯಲ್ಲಿ ಅದನ್ನು ತೆಗೆದುಹಾಕಿದರು. ತೆಗೆದವರು ಯಾರು? ಗಿಲ್ಡ್‌ಹಾಲ್‌ನಲ್ಲಿ ಭಾಷಣ ಮಾಡಿದ ಅದೇ ಚಾರ್ಲ್ಸ್ ಹಿಲ್.

ಇಬ್ಬರು ಸಣ್ಣ ಮಕ್ಕಳ ತಾಯಿಯಾಗಿ ಹೇಳುತ್ತೇನೆ, ಆ ನಿಯಮ ತೆಗೆಯಬಾರದಿತ್ತು.

ಧಾರವಾಡ ಪೇಡೆ

ಬಿಬಿಸಿ ಅವತ್ತು ಸುಮ್ನೆ ಕೂತಿತ್ತು ಅಂದುಕೊಂಡಿರಾ? ಅದೇ ಸಂಜೆ, ಐಟಿವಿ ಶುರುವಾಗುವುದಕ್ಕೆ ಸ್ವಲ್ಪ ಮೊದಲು, ರೇಡಿಯೋದಲ್ಲಿ ‘ದಿ ಆರ್ಚರ್ಸ್’ ಧಾರಾವಾಹಿ ಇತ್ತು. ಹಳ್ಳಿಯ ರೈತ ಕುಟುಂಬದ ಕಥೆ, ದೇಶಕ್ಕೆ ದೇಶವೇ ಕೇಳುತ್ತಿತ್ತು. ಅವತ್ತಿನ ಕಂತಿನಲ್ಲಿ ಲಾಯಕ್ಕೆ ಬೆಂಕಿ ಬಿತ್ತು. ಹೊಸದಾಗಿ ಮದುವೆಯಾದ ಗ್ರೇಸ್ ಆರ್ಚರ್ ಕುದುರೆ ಉಳಿಸೋಕೆ ಒಳಗೆ ಓಡಿದಳು. ಸತ್ತೇ ಹೋದಳು.

ಮರುದಿನ ಪೇಪರಿನವರಿಗೆ ಯಾವ ಸುದ್ದಿ ದೊಡ್ಡದು ಹೇಳಿ? ಟೂತ್‌ಪೇಸ್ಟೋ, ಗ್ರೇಸೋ? ಬಿಬಿಸಿಗೆ ಫೋನ್ ಮೇಲೆ ಫೋನ್. ಕೆಲವರು ಹೂವು ಕಳಿಸಿದರು, ಇಲ್ಲದ ಹುಡುಗಿಗೆ!

ರಂಗಸ್ಥಳ

ಬೇಕಂತಲೇ ಮಾಡಿದ್ದು. ಧಾರಾವಾಹಿಯ ಕಥೆ ಎಷ್ಟೋ ಮೊದಲೇ ಬರೆದಿಡುತ್ತಾರೆ. ಐಟಿವಿ ಶುರುವಾಗುವ ತಾರೀಕು ಊರಿಗೆಲ್ಲ ಗೊತ್ತಿತ್ತು. ವರ್ಷದ ಅಷ್ಟೂ ಸಂಜೆ ಬಿಟ್ಟು ಅದೇ ಗುರುವಾರ ಲಾಯಕ್ಕೆ ಬೆಂಕಿ ಬೀಳುತ್ತಾ?

ಆ ಪಾತ್ರ ಮಾಡಿದ ಇಸಾನ್ ಚರ್ಚ್‌ಮನ್ ಎಷ್ಟೋ ವರ್ಷದ ಮೇಲೆ ಇನ್ನೊಂದು ವಿಷಯ ಹೇಳಿದರು. ಗಂಡಸರಷ್ಟೇ ಸಂಬಳ ಬೇಕು ಅಂತ ಕೇಳಿದ್ದಕ್ಕೆ ತನ್ನ ಪಾತ್ರ ಮುಗಿಸಿದರು ಅಂತ. ಅಂದರೆ ಒಂದು ಕಲ್ಲಿಗೆ ಎರಡು ಹಕ್ಕಿ.

ಕಡಲೆಪುರಿ

ಅಯ್ಯೋ ಪಾಪ ಕುದುರೆ. ಅದರ ಬಗ್ಗೆ ಯಾರೂ ಏನೂ ಹೇಳ್ತಿಲ್ಲ.

ಹಳೇಆಂಟೆನಾ

ಕುದುರೆಯ ಹೆಸರು ಮಿಡ್‌ನೈಟ್. ಅಷ್ಟು ಮಾತ್ರ ಹೇಳಬಲ್ಲೆ.

ಹತ್ತು ಗಂಟೆಯ ವಾರ್ತೆಗೆ ಬರುತ್ತೇನೆ. ನನ್ನ ಪ್ರಕಾರ ಆ ಸಂಜೆ ನಿಜವಾಗಿ ಹೊಸತು ಅನ್ನುವಂಥದ್ದು ಇದೊಂದೇ. ಬಿಬಿಸಿಯಲ್ಲಿ ವಾರ್ತೆ ಓದುವವರ ಮುಖವನ್ನೇ ತೋರಿಸುತ್ತಿರಲಿಲ್ಲ. 1954ರ ಜುಲೈನಲ್ಲಿ ಟೀವಿ ವಾರ್ತೆ ಶುರುವಾದಾಗ ರಿಚರ್ಡ್ ಬೇಕರ್ ದನಿ ಕೇಳುತ್ತಿತ್ತು, ಪರದೆಯಲ್ಲಿ ಫೋಟೋ, ನಕ್ಷೆ ಬರುತ್ತಿದ್ದವು. ಓದುವವನ ಮುಖ ಕಂಡರೆ, ಹುಬ್ಬು ಎತ್ತಿದರೆ, ಅದು ಅಭಿಪ್ರಾಯ ಆಗಿಬಿಡುತ್ತದೆ ಅನ್ನುವ ಭಯ! ಐಟಿವಿ ಬರುತ್ತಿದೆ ಅಂತ ಗೊತ್ತಾದ ಮೇಲೆ, 1955ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೆನ್ನೆತ್ ಕೆಂಡಲ್ ಮುಖ ತೋರಿಸಿದರು.

ಐಟಿವಿಯ ವಾರ್ತೆ ನೋಡಿಕೊಂಡ ಐಟಿಎನ್ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅವತ್ತು ರಾತ್ರಿ ಕೂತಿದ್ದು ಕ್ರಿಸ್ ಚಾಟವೇ. ಓಟಗಾರ. ರೋಜರ್ ಬ್ಯಾನಿಸ್ಟರ್ ನಾಲ್ಕು ನಿಮಿಷದೊಳಗೆ ಮೈಲಿ ಓಡಿದಾಗ ಜೊತೆಗೆ ಓಡಿ ವೇಗ ಹಿಡಿದುಕೊಟ್ಟವರು. ಜನಕ್ಕೆ ಮೊದಲೇ ಗೊತ್ತಿದ್ದ ಮುಖ. ಹಗಲಿನ ವಾರ್ತೆಗೆ ಬಾರ್ಬರಾ ಮ್ಯಾಂಡೆಲ್ ಬಂದರು, ಒಬ್ಬ ಹೆಂಗಸು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ವಾಲ್ವ್‌ರಾಯ

ಇನ್ನೊಂದು ತಮಾಷೆ. ಗಿಲ್ಡ್‌ಹಾಲ್‌ಗೂ ಮೊದಲು ಐಟಿವಿಯಲ್ಲಿ ಕೇಳಿದ ದನಿ ಲೆಸ್ಲಿ ಮಿಚೆಲ್‌ದು. 1936ರಲ್ಲಿ ಬಿಬಿಸಿ ಟೀವಿ ಶುರುವಾದಾಗ ಅನೌನ್ಸರ್ ಆಗಿ ಮಾತಾಡಿದ್ದೂ ಅದೇ ಲೆಸ್ಲಿ ಮಿಚೆಲ್. ಹೊಸ ಮನೆಯ ಗೃಹಪ್ರವೇಶಕ್ಕೆ ಹಳೇ ಮನೆಯ ಪುರೋಹಿತರೇ.

ಬಿಸಿಬೇಳೆ

ನಾನು ಮೊದಲೇ ಹೇಳಿದ್ದೆ, ಮುಂದಿನ ವಾರ ನೋಡಿ ಅಂತ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುಂದಿನ ವಾರದವರೆಗೂ ಹೋಗಬೇಕಾಗಿಲ್ಲ ಸ್ವಾಮಿ, ಮರುದಿನವೇ ನೋಡಿ.

ಸೆಪ್ಟೆಂಬರ್ 23, ಶುಕ್ರವಾರ: ‘ಟೇಕ್ ಯುವರ್ ಪಿಕ್’. ಮೈಕಲ್ ಮೈಲ್ಸ್ ನಡೆಸುವ ಆಟ, ಗೆದ್ದವರಿಗೆ ನಗದು. ಒಂದು ಸುತ್ತಿನಲ್ಲಿ ಅವನು ಪಟಪಟ ಪ್ರಶ್ನೆ ಕೇಳ್ತಾನೆ, ನೀವು ‘ಹೌದು’ ‘ಇಲ್ಲ’ ಎರಡೂ ಅನ್ನಬಾರದು. ಅಂದರೆ ಢಣ್ ಅಂತ ಗಂಟೆ. ಸೋಮವಾರ: ಹ್ಯೂಗಿ ಗ್ರೀನ್‌ನ ‘ಡಬಲ್ ಯುವರ್ ಮನಿ’, ಸಾವಿರ ಪೌಂಡ್‌ವರೆಗೆ. ಎರಡೂ ರೇಡಿಯೋ ಲಕ್ಸೆಂಬರ್ಗ್‌ನಿಂದ ಎತ್ತಿಕೊಂಡು ಬಂದವು. ಭಾನುವಾರ ಲಂಡನ್ನಿನ ಪಲ್ಲೇಡಿಯಂ ಥಿಯೇಟರಿನಿಂದ ವೆರೈಟಿ ಶೋ, ಟಾಮಿ ಟ್ರಿಂಡರ್ ನಿರೂಪಣೆ, ಗ್ರೇಸಿ ಫೀಲ್ಡ್ಸ್ ಹಾಡು. ಅದೇ ಭಾನುವಾರ ರಾಬಿನ್ ಹುಡ್ ಧಾರಾವಾಹಿ ಶುರು.

ಹಳೇಆಂಟೆನಾ ಅವರೇ, ನಿಮ್ಮ ಗುರುವಾರ ಐಟಿವಿಯೇ ಅಲ್ಲ. ಅದು ಪೊಲೀಸ್ ವೆರಿಫಿಕೇಶನ್‌ಗೆ ಕೊಟ್ಟ ಫೋಟೋ. ಇಸ್ತ್ರಿ ಅಂಗಿ, ಬಾಚಿದ ತಲೆ. ಶುಕ್ರವಾರ ಬಂದಿದ್ದು ಅಸಲಿ ಮನುಷ್ಯ.

ಧಾರವಾಡ ಪೇಡೆ

ರಾಬಿನ್ ಹುಡ್ ಅಂದಿರಲ್ಲ, ಅದರ ಕಥೆಯೇ ಒಂದು ಕಥೆ. ಅಮೆರಿಕದಲ್ಲಿ ಕಮ್ಯುನಿಸ್ಟ್ ಅಂತ ಹಣೆಪಟ್ಟಿ ಹಚ್ಚಿಸಿಕೊಂಡು ಕೆಲಸ ಕಳಕೊಂಡ ಬರಹಗಾರರು ಸುಳ್ಳು ಹೆಸರಿನಲ್ಲಿ ಅದಕ್ಕೆ ಕಂತು ಬರೆದರು. ಶ್ರೀಮಂತರಿಂದ ಕಿತ್ತು ಬಡವರಿಗೆ ಹಂಚುವ ಕಥೆ. ಬರೆದವರು ಎಡಪಂಥದವರು. ದುಡ್ಡು ಜಾಹೀರಾತುದಾರರದ್ದು.

ಹಳೇಆಂಟೆನಾ

ಬಿಸಿಬೇಳೆ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಗುರುವಾರದ ಮಡಿ ಬರೀ ಫೋಟೋಗೆ ಅಂತಾದರೆ ಶುಕ್ರವಾರವೇ ಕಳಚಿ ಬೀಳಬೇಕಿತ್ತು. ಹಾಗಾಗಲಿಲ್ಲ. ಲಂಡನ್ನಿನ ವಾರದ ದಿನಗಳನ್ನು ನಡೆಸುತ್ತಿದ್ದ ಅಸೋಸಿಯೇಟೆಡ್ ರೀಡಿಫ್ಯೂಶನ್ ಕಂಪನಿ ಹ್ಯಾಲೆ ಆರ್ಕೆಸ್ಟ್ರಾ ಕಚೇರಿಗಳನ್ನು ಆಮೇಲೂ ಹಾಕಿತು. ನಿಲ್ಲಿಸಿದ್ದು ದುಡ್ಡು ಸೋರತೊಡಗಿದಾಗ. ಮೊದಲ ವರ್ಷ ಅವರಿಗೆ ಲಕ್ಷಗಟ್ಟಲೆ ಪೌಂಡ್ ನಷ್ಟ. ನೋಡುವ ಸೆಟ್ಟು ಕಡಿಮೆ, ಆದ್ದರಿಂದ ಜಾಹೀರಾತು ಕಡಿಮೆ, ವಾಲ್ವ್‌ರಾಯರು ಹೇಳಿದ ಆ ಕನ್ವರ್ಟರ್ ಕಥೆ. ಉಳಿಯಬೇಕಾದರೆ ಬಹುಮಾನದ ಆಟಗಳೇ ಗತಿ ಅಂತ ಆಯಿತು. ಎರಡು ವರ್ಷದಲ್ಲಿ ಗಾಳಿ ತಿರುಗಿತು. ಸ್ಕಾಟ್ಲೆಂಡಿನ ಚಾನೆಲ್ ಹಿಡಿದ ರಾಯ್ ಥಾಮ್ಸನ್, ಇದು ನೋಟು ಅಚ್ಚು ಹಾಕೋಕೆ ಕೊಟ್ಟ ಪರವಾನಗಿ ಅಂದುಬಿಟ್ಟರು.

ಅಂದರೆ ಮೊದಲ ಸಂಜೆಯ ಮಡಿ ನಾಟಕ ಅಲ್ಲ. ಅವರಿಗೆ ಬೇರೆ ಥರದ ಟೀವಿ ಗೊತ್ತೇ ಇರಲಿಲ್ಲ. ಕ್ಯಾಮೆರಾದವರು, ನಿರ್ದೇಶಕರು, ಅನೌನ್ಸರು, ಬಹಳ ಮಂದಿ ಬಿಬಿಸಿಯಲ್ಲೇ ಕೆಲಸ ಕಲಿತವರು. ಜಾಹೀರಾತು ಒಂದು ಬಿಟ್ಟರೆ ಸಂಜೆ ಹೇಗೆ ಶುರುವಾಗಬೇಕು, ಹೇಗೆ ಮುಗಿಯಬೇಕು ಅನ್ನೋದು ಬಿಬಿಸಿಯದ್ದೇ ಕ್ರಮ.

ರಂಗಸ್ಥಳ

ಇದನ್ನು ಒಪ್ಪೋದಾದರೆ ಬಿಬಿಸಿಯ ಸಂಜೆ ಹೇಗಿತ್ತು ಅಂತಲೂ ಹೇಳಬೇಕಲ್ಲ. ಸಿಲ್ವಿಯಾ ಪೀಟರ್ಸ್, ಮೇರಿ ಮಾಲ್ಕಮ್ ಸಂಜೆಯ ಗೌನು ಉಟ್ಟು, ಮಕ್‌ಡೊನಾಲ್ಡ್ ಹಾಬ್ಲಿ ಕೋಟು-ಬೋ ಹಾಕಿ ಬಂದು ಮುಂದಿನ ಕಾರ್ಯಕ್ರಮ ಹೇಳೋರು. ನಿಮ್ಮ ಮನೆಗೆ ಊಟಕ್ಕೆ ಬಂದ ನೆಂಟರ ಹಾಗೆ. ಆದರೆ ಇದೇ ಬಿಬಿಸಿಯಲ್ಲಿ ‘ವಾಟ್ಸ್ ಮೈ ಲೈನ್’ ಕೂಡ ಇತ್ತು, 1951ರಿಂದ. ಬಂದವರ ಕಸುಬು ಏನು ಅಂತ ಊಹಿಸುವ ಆಟ. ಗಿಲ್ಬರ್ಟ್ ಹಾರ್ಡಿಂಗ್ ಅನ್ನುವ ಸಿಡುಕ ಮನುಷ್ಯ ಯಾವಾಗ ಯಾರ ಮೇಲೆ ಹರಿಹಾಯುತ್ತಾನೋ ಅಂತ ಜನ ಕಾದು ಕೂರುತ್ತಿದ್ದರು. ಬಿಬಿಸಿ ಬರೀ ಮಡಿ ಅಲ್ಲ. ಮಡಿಯೊಳಗೆ ಸ್ವಲ್ಪ ಮಸಾಲೆಯೂ ಇತ್ತು.

ಕಡಲೆಪುರಿ

ಟೀವಿ ಆಫ್ ಮಾಡಿದರೆ ನಡುವೆ ಒಂದು ಬಿಳೀ ಚುಕ್ಕೆ ಉಳೀತಿತ್ತಂತಲ್ಲ, ಅದು ಯಾಕೆ? ಆಮೇಲೆ ಸೆಟ್ಟಿಂದ ಕುಂಯ್ ಅಂತ ಶಬ್ದ ಬರ್ತಿತ್ತಂತೆ?

ವಾಲ್ವ್‌ರಾಯ

ಎರಡೂ ನಿಜ. ಮೊದಲು ಶಬ್ದ. ಬ್ರಿಟನ್ನಿನ ಆಗಿನ ಚಿತ್ರಕ್ಕೆ 405 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿ: 10,125. ಎಲೆಕ್ಟ್ರಾನ್ ಕಿರಣ ಸೆಕೆಂಡಿಗೆ ಅಷ್ಟು ಸಲ ಎಡದಿಂದ ಬಲಕ್ಕೆ ಓಡಬೇಕು. ಅದನ್ನು ಓಡಿಸುವ ಟ್ರಾನ್ಸ್‌ಫಾರ್ಮರ್ ಅದೇ ಲೆಕ್ಕದಲ್ಲಿ ನಡುಗುತ್ತದೆ. 10,125 ಹರ್ಟ್ಸ್ ಕಿವಿಗೆ ಚೆನ್ನಾಗಿಯೇ ಕೇಳುತ್ತದೆ, ಮಕ್ಕಳಿಗಂತೂ ಕೊರೆಯುತ್ತದೆ. ವಯಸ್ಸಾದವರಿಗೆ ಕೇಳದೆ ಇರಬಹುದು. ಮುಂದೆ ನಮ್ಮಲ್ಲಿ ಬಂದ 625 ಗೆರೆಯ ಸೆಟ್ಟುಗಳಲ್ಲಿ ಅದು 15,625ಕ್ಕೆ ಏರಿತು, ಕಾಟ ಕಡಿಮೆ ಆಯಿತು.

ಚುಕ್ಕೆಗೆ ಕಾರಣ ಇದು. ಸ್ವಿಚ್ ಆರಿಸಿದ ಕೂಡಲೇ ಕಿರಣವನ್ನು ಅತ್ತಿತ್ತ ಓಡಿಸುವ ಶಕ್ತಿ ನಿಂತುಹೋಗುತ್ತದೆ. ಆದರೆ ಟ್ಯೂಬಿನ ಹಿಂದಿನ ಕ್ಯಾಥೋಡ್ ಇನ್ನೂ ಬಿಸಿ ಇರುತ್ತದೆ, ಒಳಗಿನ ಹೈ ವೋಲ್ಟೇಜ್ ಕೂಡಲೇ ಇಳಿಯುವುದಿಲ್ಲ. ಹಾಗಾಗಿ ಎಲೆಕ್ಟ್ರಾನ್‌ಗಳು ಬರುತ್ತಲೇ ಇರುತ್ತವೆ, ಹೋಗಲು ದಾರಿ ಇಲ್ಲದೆ ಎಲ್ಲವೂ ನಟ್ಟನಡುವೆ ಬಡಿಯುತ್ತವೆ. ಅದೇ ಚುಕ್ಕೆ. ತುಂಬಾ ಹೊತ್ತು ಹಾಗೇ ಉಳಿದರೆ ಆ ಜಾಗದ ಲೇಪ ಸುಟ್ಟುಹೋಗುವ ಅಪಾಯ, ಆದ್ದರಿಂದ ಕೆಲವು ತಯಾರಕರು ಚುಕ್ಕೆ ಅಳಿಸುವ ಸರ್ಕ್ಯೂಟನ್ನೇ ಸೇರಿಸಿದರು.

ಪರದೆಯೂ ಎಷ್ಟು ದೊಡ್ಡದು ಅಂದುಕೊಂಡಿರಿ? 1950ರ ಬುಷ್ ಟೀವಿ22 ಸೆಟ್ಟಿನ ಪರದೆ 9 ಇಂಚು. ಚಿತ್ರ ದೊಡ್ಡದಾಗಲಿ ಅಂತ ಮುಂದೆ ಒಂದು ದಪ್ಪ ಮಸೂರ ನೇತು ಹಾಕೋರು, ಒಳಗೆ ಎಣ್ಣೆ ತುಂಬಿದ್ದು. ನೇರ ಕೂತವನಿಗೆ ದೊಡ್ಡ ಚಿತ್ರ. ಪಕ್ಕಕ್ಕೆ ಕೂತವನಿಗೆ ಗೀಲ್‌ಗುಡ್ ಮೂಗು ಸೊಟ್ಟ.

ಬಿಸಿಬೇಳೆ

ಹಾಗಾದರೆ ಜಾಹೀರಾತಿನ ಹುಡುಗಿಯ ಹಲ್ಲೂ ಸೊಟ್ಟ. ಟೂತ್‌ಪೇಸ್ಟ್ ಕಂಪನಿಯವರಿಗೆ ಯಾರಾದರೂ ಹೇಳಿದ್ದರಾ?

ಯಾರ್ಕ್‌ಶೈರ್ ಸೊಸೆ

ಪಕ್ಕದ ಮನೆ ಅಜ್ಜಿಗೆ ಈ ಚರ್ಚೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ಟೂತ್‌ಪೇಸ್ಟಿನ ಬಗ್ಗೆ ಅವರಿಗೆ ಏನೂ ಅನ್ನಿಸಲಿಲ್ಲ. ಗ್ರೇಸ್ ಸತ್ತ ದಿನ ತಾನು ಎಲ್ಲಿ ಕೂತಿದ್ದೆ, ಒಲೆ ಮೇಲೆ ಏನಿತ್ತು ಅಂತ ಮಾತ್ರ ಬಿಡದೆ ಹೇಳಿದರು. ಅವತ್ತು ಗೆದ್ದಿದ್ದು ಯಾರು ಅಂತ ರಂಗಸ್ಥಳ ಅವರು ಕೇಳಿದರೆ, ಯಾರ್ಕ್‌ಶೈರ್‌ನ ಮತ ಬಿಬಿಸಿಗೆ.

ರಂಗಸ್ಥಳ

ಯಾರ್ಕ್‌ಶೈರ್‌ಗೆ ಐಟಿವಿಯೇ ಬಂದಿರಲಿಲ್ಲವಲ್ಲ ತಾಯೀ! ಒಬ್ಬರೇ ನಿಂತ ಚುನಾವಣೆ ಅದು.

ಹಳೇಆಂಟೆನಾ

ಮುಂದಿನ ಸಂಜೆ ಯಾವುದು ಅಂತ ನೀವೇ ಆರಿಸಿ. ನನ್ನ ಆಯ್ಕೆ 1957ರ ಏಪ್ರಿಲ್ 1, ಸೋಮವಾರ, ಬಿಬಿಸಿಯ ‘ಪನೋರಮಾ’. ಪಟ್ಟಾಭಿಷೇಕಕ್ಕೆ ದನಿ ಕೊಟ್ಟ ಅದೇ ಡಿಂಬಲ್‌ಬಿ, ಅದೇ ಗಾಂಭೀರ್ಯದಲ್ಲಿ, ಸ್ವಿಟ್ಜರ್‌ಲೆಂಡಿನ ಮರಗಳಿಂದ ಜನ ಶಾವಿಗೆ ಕೊಯ್ಯುವುದನ್ನು ತೋರಿಸಿದ ರಾತ್ರಿ. ಗಿಡ ಎಲ್ಲಿ ಸಿಗುತ್ತೆ ಅಂತ ಕೇಳಿ ಬಿಬಿಸಿಗೆ ಫೋನ್ ಬಂದವು.

ಬಿಸಿಬೇಳೆ

ನನ್ನ ಓಟು ಶಾವಿಗೆ ಮರಕ್ಕೆ. ಸಸಿ ಇದ್ದರೆ ಒಂದು ನನಗೂ ಎತ್ತಿಡಿ.